ತೂಕ ನೋಡದೆ ಇಳಿಸದ ರಂಗಶಾಮಣ್ಣ

ಕಬ್ಬಿಣದ ಸಲಾಕೆಯೊಂದರ ಒಂದು ತುದಿ ನಮ್ಮ ಗೇಟಿನ ಕಂಬದ ಮೇಲೆ, ಇನ್ನೊಂದು ತುದಿ ರಂಗಶಾಮಣ್ಣನವರ ಹೆಗಲ ಮೇಲೆ. ಸಲಾಕೆಯ ನಡುವೆ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ, ಅದಕ್ಕೆ ನೇತುಬಿದ್ದ ಕೆಂಪು ಗ್ಯಾಸ್ ಸಿಲಿಂಡರ್. ಬೆಳಗ್ಗೆ ಎಂಟು ಗಂಟೆಗೆ ತುಮಕೂರಿನ ಬಟವಾಡಿಯ ನಮ್ಮ ಬೀದಿಯಲ್ಲಿ ಈ ದೃಶ್ಯ ಕಂಡರೆ ಯಾರದೋ ಮನೆಗೆ ಗ್ಯಾಸ್ ಬಂದಿದೆ ಎಂದರ್ಥ. ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಅವರು ಮೊಣಕಾಲು ಸ್ವಲ್ಪ ಬಗ್ಗಿಸಿ, ಉಸಿರು ಹಿಡಿದು, ದೇವರ ಪಲ್ಲಕ್ಕಿ ಹೊತ್ತವರ ಹಾಗೆ ನಿಂತಿರುತ್ತಿದ್ದರು. ಮನೆಯವರು ಹೊರಗೆ ಬಂದು ಮುಳ್ಳು ನೋಡಿ, ಬಾಯಿಬಿಟ್ಟು ಅಂಕಿ ಹೇಳಿದ ಮೇಲೇ ಸಿಲಿಂಡರ್ ಒಳಗೆ ಹೋಗುತ್ತಿದ್ದುದು.

ಕುಳ್ಳಗಿನ ಆಳು. ವರ್ಷಗಟ್ಟಲೆ ಹೊತ್ತು ಹೊತ್ತು ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಖಾಕಿ ಅಂಗಿ ಆ ಹೆಗಲ ಮೇಲೇ ಮೊದಲು ಸವೆಯುತ್ತಿದ್ದರಿಂದ ಅವರ ಹೆಂಡತಿ ಅಲ್ಲಿಗೆ ತಮ್ಮ ಹಳೇ ಹಸಿರು ರವಿಕೆಯ ಬಟ್ಟೆ ಇಟ್ಟು ತೇಪೆ ಹಾಕಿದ್ದರು. ನಿಟ್ಟೂರಿನಿಂದ ಬೆಳಗಿನ ರೈಲು ಹಿಡಿದು ತುಮಕೂರಿಗೆ ಬಂದು, ಗ್ಯಾಸ್ ಏಜೆನ್ಸಿಯ ಗೂಡ್ಸ್ ಆಟೋದಲ್ಲಿ ನಮ್ಮ ಬೀದಿಗೆ ಬರುತ್ತಿದ್ದರು.

ನನ್ನದು ಕುಣಿಗಲ್. ಮದುವೆಯಾಗಿ ಬಟವಾಡಿಯ ಬಾಡಿಗೆ ಮನೆಗೆ ಬಂದ ಹೊಸತು. ಶಿರಾ ಗೇಟ್ ಹತ್ತಿರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಅವತ್ತು ಸಿಟಿ ಬಸ್ಸಿಗೆ ಹೊತ್ತಾಗಿತ್ತು. ಸಿಲಿಂಡರ್ ಒಳಗಿಟ್ಟು ಹೋಗಿ, ದುಡ್ಡು ತರುತ್ತೇನೆ ಎಂದೆ. ರಂಗಶಾಮಣ್ಣ ಅಲ್ಲಾಡಲಿಲ್ಲ.

"ತೂಕ ನೋಡ್ದೆ ಇಳ್ಸಲ್ಲ ಕಣಮ್ಮ," ಎಂದರು. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಬರೆದಿದ್ದ ಖಾಲಿ ತೂಕ ತೋರಿಸಿದರು. "ಹದಿನೈದು ಪಾಯಿಂಟ್ ಆರು. ಒಳ್ಗಿರೋ ಗ್ಯಾಸು ಹದಿನಾಕು ಪಾಯಿಂಟ್ ಎಲ್ಡು. ಕೂಡಿ, ಎಷ್ಟಾಯ್ತು ಹೇಳಿ."

ಬಸ್ಸಿನ ಧ್ಯಾನದಲ್ಲಿದ್ದ ನಾನು ಮೂವತ್ತು ಪಾಯಿಂಟ್ ಎಂಟು ಎಂದುಬಿಟ್ಟೆ.

ಅವರು ಮುಳ್ಳಿನ ಕಡೆ ನೋಡಿದರು. "ಇಲ್ಲಿ ಇಪ್ಪತ್ತೊಂಬತ್ತು ಪಾಯಿಂಟ್ ಎಂಟು ತೋರುಸ್ತೈತೆ. ನಿಮ್ ಲೆಕ್ಕದಲ್ಲಿ ಒಂದ್ ಕೆಜಿ ಕಮ್ಮಿ ಆಯ್ತು. ವಾಪಸ್ ತಗಂಡೋಗ್ಲಾ?"

ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ನಮ್ಮತ್ತೆ ಬಾಗಿಲಿಗೆ ಬಂದು, ನಾನು ಹೈಸ್ಕೂಲಿನಲ್ಲಿ ಯಾವ ಪಾಠ ಮಾಡುತ್ತೇನೆ ಎಂಬುದನ್ನು ತಾವಾಗಿಯೇ ತಿಳಿಸಿದರು. ಗಣಿತ. ರಂಗಶಾಮಣ್ಣ ನಗಲಿಲ್ಲ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಆ ಒರೆಸಿಕೊಳ್ಳುವುದು ಬಹಳ ಹೊತ್ತು ನಡೆಯಿತು. ಹೊರಡುವಾಗ, "ಲೆಕ್ಕ ತಪ್ಪಿದ್ರೆ ಪರ್ವಾಗಿಲ್ಲ ಟೀಚರಮ್ಮ, ನೋಡೋ ಚಾಳಿ ತಪ್ಪಬಾರ್ದು ಅಷ್ಟೇಯ," ಎಂದು ಸಮಾಧಾನ ಹೇಳಿ ಹೋದರು. ನನಗೆ ಬಸ್ಸು ತಪ್ಪಿತು. ಆ ವಾರ ಎಂಟನೇ ತರಗತಿಯ ಮಕ್ಕಳಿಗೆ ದಶಮಾಂಶ ಕೂಡುವುದಕ್ಕೆ ಪೂರ್ತಿ ಸಿಲಿಂಡರಿನ ಲೆಕ್ಕಗಳನ್ನೇ ಕೊಟ್ಟೆ.

ಈ ಹಟ ಎಲ್ಲಿಂದ ಬಂತು ಎಂಬುದನ್ನು ಅವರು ನಮ್ಮತ್ತೆಗೆ ಒಮ್ಮೆ ಮಜ್ಜಿಗೆ ಕುಡಿಯುತ್ತ ಹೇಳಿದ್ದರಂತೆ. ಅವರ ತಾಯಿ ಹುಣಸೆಹಣ್ಣು ಹೊತ್ತು ಗುಬ್ಬಿ ಸಂತೆಗೆ ನಡೆದುಹೋಗುತ್ತಿದ್ದರು. ಮನೆಯಲ್ಲಿ ಹತ್ತು ಕೆಜಿ ತೂಗಿದ್ದು ಸಂತೆಯ ತಕ್ಕಡಿಯಲ್ಲಿ ಎಂಟೂವರೆಗೆ ಇಳಿಯುತ್ತಿತ್ತು. ಕೇಳಿದರೆ ಎಲ್ಲಿ ಜಗಳವಾಗುತ್ತದೋ ಎಂದು ಆ ತಾಯಿ ಒಂದು ದಿನವೂ ಕೇಳಲಿಲ್ಲ. "ತೂಕ ನೋಡೋದು ಜಗ್ಳಾ ಅಲ್ಲ ಅಂತ ನಮ್ಮವ್ವುಂಗೆ ಯಾರೂ ಹೇಳ್ಕೊಡ್ನಿಲ್ಲ," ಎಂದಿದ್ದರಂತೆ.

ಎಲ್ಲರಿಗೂ ಅವರು ಇಷ್ಟವಾಗಿದ್ದರು ಎಂದರೆ ಸುಳ್ಳಾದೀತು. ಆಫೀಸಿಗೆ ಹೊರಟವರು ಸಿಡುಕುತ್ತಿದ್ದರು. ಜೊತೆಯ ಕೆಲಸಗಾರರು ಅವರಿಗೆ 'ತಕ್ಕಡಿ' ಎಂದೇ ಹೆಸರಿಟ್ಟಿದ್ದರು. ಬೇರೆಯವರು ಸಿಲಿಂಡರಿಗೆ ಇಷ್ಟು ಎಂದು ಮೇಲೆ ಕೇಳಿ ಪಡೆಯುತ್ತಿದ್ದಾಗ ಇವರು, "ಚೀಟೀಲಿರೋದಷ್ಟೇ ಕೊಡಿ, ಹೊತ್ಕಂಬಂದಿದ್ ಕೂಲಿ ಅದ್ರಲ್ಲೇ ಸೇರೈತೆ," ಎಂದು ಚಿಲ್ಲರೆ ಎಣಿಸಿ ವಾಪಸು ಕೊಡುತ್ತಿದ್ದರು. ಮಜ್ಜಿಗೆ ಮಾತ್ರ ಬೇಡ ಎನ್ನುತ್ತಿರಲಿಲ್ಲ. ಎರಡು ಲೋಟ. ಎರಡನೆಯದಕ್ಕೆ ಉಪ್ಪು ಕಮ್ಮಿ ಎಂದು ಹೇಳುವುದನ್ನೂ ಬಿಡುತ್ತಿರಲಿಲ್ಲ.

ಮಜ್ಜಿಗೆ ಕುಡಿಯುವ ಹೊತ್ತಿನಲ್ಲಿ ಅತ್ತೆಗೆ ಅವರು ಹೇಳುತ್ತಿದ್ದ ಮಾತೊಂದಿತ್ತು: "ಹೆದ್ರುಸ್ದೋರ್ಗೂ ಅವಸ್ರ ಮಾಡ್ದೋರ್ಗೂ ದುಡ್ ಕೊಡ್ಬ್ಯಾಡಿ ಅಮ್ಮಾವ್ರೆ. ನಿಜವಾದ ಕೆಲ್ಸ ನಾಳೆವರ್ಗೂ ಕಾಯ್ತೈತೆ." ಅತ್ತೆ ಅದನ್ನು ಕೇಳಿ ಮರೆತಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ಇದ್ದಾಗ ಇಬ್ಬರು ಗಂಡಸರು ಬಂದರು. ಕತ್ತಿನಲ್ಲಿ ಕಾರ್ಡು, ಕೈಯಲ್ಲಿ ಬ್ಯಾಗು. ಗ್ಯಾಸ್ ಚೆಕಿಂಗ್ ಕಡ್ಡಾಯವಾಗಿದೆ ಎಂದು ಸೀದಾ ಅಡುಗೆಮನೆಗೆ ನುಗ್ಗಿದರು. ಪೈಪಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತಿದೆ ನೋಡಿ, ಲೀಕ್ ಇದೆ, ಇವತ್ತೇ ಪೈಪು ಬದಲಾಯಿಸದಿದ್ದರೆ ಕನೆಕ್ಷನ್ ಕಟ್ ಮಾಡಬೇಕಾಗುತ್ತದೆ ಎಂದರು. ಹನ್ನೆರಡು ನೂರು ರೂಪಾಯಿ ಕೇಳಿದರು. ಸೋಪಿನ ನೀರಿನಲ್ಲಿ ಗುಳ್ಳೆ ಬರದೆ ಇನ್ನೇನು ಬರುತ್ತದೆ ಎಂಬುದು ಅತ್ತೆಗೆ ಆಗ ಹೊಳೆಯಲಿಲ್ಲ. ಬೀರುವಿನ ಬಾಗಿಲು ತೆಗೆದು ದುಡ್ಡಿನ ಡಬ್ಬಿಗೆ ಕೈಯನ್ನೂ ಹಾಕಿದ್ದರಂತೆ. ಅಲ್ಲಿ ಅವರಿಗೆ ರಂಗಶಾಮಣ್ಣನ ಮಾತು ನೆನಪಾಯಿತು. ಇವರು ಹೆದರಿಸುತ್ತಲೂ ಇದ್ದಾರೆ, ಅವಸರವನ್ನೂ ಮಾಡುತ್ತಿದ್ದಾರೆ. ಎರಡೂ ಒಟ್ಟಿಗೇ.

ಡಬ್ಬಿ ಮುಚ್ಚಿಟ್ಟು ಅಡುಗೆಮನೆಗೆ ಬಂದು ಅತ್ತೆ ಹೇಳಿದ್ದು ಇಷ್ಟು: "ಕಟ್ ಮಾಡೋದಾದ್ರೆ ಮಾಡ್ರಪ್ಪ. ಆದ್ರೆ ಯಾಕ್ ಕಟ್ ಮಾಡಿದ್ವಿ ಅಂತ ಒಂದ್ ಚೀಟೀಲಿ ಬರ್ದು, ನಿಮ್ ಹೆಸ್ರು ಹಾಕಿ, ಸೈನ್ ಮಾಡ್ಕೊಟ್ಟು ಹೋಗಿ. ನನ್ ಸೊಸೆ ಕೇಳ್ತಾಳೆ."

ರಸೀದಿ ಪುಸ್ತಕ ಗಾಡಿಯಲ್ಲಿದೆ, ತರುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ. ಸೋಪಿನ ನೀರಿನ ಬಾಟಲಿ ನಮ್ಮ ಮನೆಯಲ್ಲೇ ಉಳಿಯಿತು. ಅತ್ತೆ ಅದರಲ್ಲಿ ಎರಡು ದಿನ ಸಿಂಕು ತೊಳೆದರು. ವಿಷಯ ತಿಳಿದ ರಂಗಶಾಮಣ್ಣ ಪೈಪನ್ನು ಬಗ್ಗಿಸಿ, ಅದರ ಮೇಲಿನ ತಾರೀಖು ಓದಿ, ಇನ್ನೂ ಒಂದು ವರ್ಷ ಏನೂ ಆಗುವುದಿಲ್ಲ ಎಂದರು. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬುದು ನಿಜವೇ, ಆದರೆ ಏಜೆನ್ಸಿಗೆ ಹೋಗಿ ರಸೀದಿ ಹಾಕಿಸಿಕೊಂಡೇ ತರಬೇಕು ಎಂದೂ ಹೇಳಿದರು. ಅವತ್ತು ಅತ್ತೆ ಅವರಿಗೆ ಮೂರನೇ ಲೋಟ ಮಜ್ಜಿಗೆ ಕೊಟ್ಟರು.

ಅತ್ತೆ ಗೆದ್ದಲ್ಲಿ ನಾನು ಸೋತೆ.

ಒಂದು ಬೇಸಿಗೆಯಲ್ಲಿ ರಂಗಶಾಮಣ್ಣನವರನ್ನು ನಮ್ಮ ಬೀದಿಯಿಂದ ತೆಗೆದು ಗೋಡೌನಿಗೆ ಹಾಕಿದರು. ಮನೆಮನೆಯಲ್ಲೂ ತೂಕ ಮಾಡುತ್ತ ನಿಂತರೆ ದಿನಕ್ಕೆ ಇಷ್ಟು ಸಿಲಿಂಡರ್ ಎಂಬ ಲೆಕ್ಕ ಮುಟ್ಟುವುದಿಲ್ಲ ಎಂಬುದು ಮ್ಯಾನೇಜರರ ದೂರು. ಅವರ ಜಾಗಕ್ಕೆ ಹೊಸಬನೊಬ್ಬ ಬಂದ. ಗ್ಯಾಸ್ ಬುಕ್ ಮಾಡಿದರೆ ನಮ್ಮ ಫೋನಿಗೆ ಒಂದು ಕೋಡ್ ಬರುತ್ತದೆ. ಸಿಲಿಂಡರ್ ಮನೆಯೊಳಗೆ ಬಂದ ಮೇಲೆ ಅದನ್ನು ತಂದವನಿಗೆ ಹೇಳಬೇಕು. ಅದಕ್ಕೆ ಮೊದಲು ಹೇಳಬೇಡಿ ಎಂದು ರಂಗಶಾಮಣ್ಣ ಬೀದಿಗೆಲ್ಲ ಹೇಳಿದ್ದರು. ಆದರೆ ನಾನು ಒಂಬತ್ತನೇ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯ ಮಾಡುತ್ತಿದ್ದಾಗ ಹೊಸಬ ಫೋನ್ ಮಾಡಿ, ನಿಮ್ಮ ಬೀದಿಯಲ್ಲೇ ಇದ್ದೇನೆ, ಬೇಗ ಕೋಡ್ ಹೇಳಿ, ಇಲ್ಲದಿದ್ದರೆ ಕ್ಯಾನ್ಸಲ್ ಆಗುತ್ತದೆ ಎಂದ. ಹೇಳಿಬಿಟ್ಟೆ. ಸಂಜೆ ಮನೆಗೆ ಬಂದರೆ ಸಿಲಿಂಡರ್ ಇಲ್ಲ. ದುಡ್ಡನ್ನು ಬುಕ್ ಮಾಡುವಾಗಲೇ ಕಟ್ಟಿದ್ದೆ. ಫೋನಿನಲ್ಲಿ ಮಾತ್ರ 'ಡೆಲಿವರಿ ಆಗಿದೆ' ಎಂಬ ಮೆಸೇಜು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಅತ್ತೆಗಂತೂ ಹೇಗೆ ಹೇಳುವುದು? ಗ್ಯಾಸ್ ಬರುವುದು ತಡವಂತೆ ಎಂದು ಸುಳ್ಳು ಹೇಳಿ ಕರೆಂಟಿನ ಒಲೆಯ ಮೇಲೆ ಅಡುಗೆ ಮಾಡಿದೆ. ಒಂಬತ್ತನೇ ದಿನ ಶಿರಾ ಗೇಟಿನಲ್ಲಿ ಆಟೋಗೆ ಕಾಯುತ್ತಿದ್ದ ರಂಗಶಾಮಣ್ಣ ಸಿಕ್ಕಿದರು. ಮುಖ ನೋಡಿಯೇ ಏನಾಯಿತು ಎಂದು ಕೇಳಿದರು. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅವರು ಬಯ್ಯಲಿಲ್ಲ.

"ಮೋಸ ಹೋದೋರು ಬಾಯ್ ಮುಚ್ಕಂಡಿರೋದೇ ಮೋಸಗಾರ್ನ ಬಂಡ್ವಾಳ ಟೀಚರಮ್ಮ," ಎಂದರು. "ನೀವೊಬ್ರೇ ಅಂದ್ಕಬ್ಯಾಡಿ. ಅಕ್ಕಪಕ್ಕದೋರ್ನ ಕೇಳಿ. ಆಫೀಸ್ನಾಗೆ ಕೂಗಾಡ್ಬ್ಯಾಡಿ, ಬರ್ದು ಕೊಡಿ. ಎಲ್ಡು ಕಾಪಿ. ಒಂದುಕ್ಕೆ ಸೀಲ್ ಹಾಕುಸ್ಕಂಡೇ ಎದ್ದು ಬನ್ನಿ."

ಎದುರು ಮನೆಯ ಭಾಗ್ಯಕ್ಕನಿಗೆ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತನಗೂ ಹಾಗೇ ಆಗಿದೆ, ಗಂಡನಿಗೆ ಹೇಳಿಲ್ಲ ಎಂದಳು. ಹುಡುಕುತ್ತ ಹೋದರೆ ಒಂದೇ ಬೀದಿಯಲ್ಲಿ ನಾವು ಆರು ಮಂದಿ ಹೆಂಗಸರು ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಅವತ್ತು ಸಂಜೆ ಅತ್ತೆಗೂ ಹೇಳಿದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, ನಾನೂ ಬರುತ್ತೇನೆ ಎಂದು ಚಪ್ಪಲಿ ಹುಡುಕಿದರು. ಆಫೀಸು ಮುಚ್ಚಿರುತ್ತದೆ ಎಂದು ಕೂರಿಸಬೇಕಾಯಿತು.

ಮರುದಿನ ಏಳು ಜನ ಏಜೆನ್ಸಿಗೆ ಹೋದೆವು. ಮ್ಯಾನೇಜರು ಕಂಪ್ಯೂಟರ್ ತಿರುಗಿಸಿ ತೋರಿಸಿ, ಕೋಡ್ ಕೊಟ್ಟವರು ನೀವೇ, ನಾವೇನು ಮಾಡುವುದಕ್ಕಾಗುತ್ತದೆ ಎಂದರು. ನಾವು ಅರ್ಜಿಗಳನ್ನು ಮೇಜಿನ ಮೇಲಿಟ್ಟು ಅಲ್ಲೇ ಕೂತೆವು. ಅದೇ ಹೊತ್ತಿಗೆ ಗೋಡೌನಿನ ಚೀಟಿಗಳನ್ನು ಕೊಡಲು ರಂಗಶಾಮಣ್ಣ ಒಳಗೆ ಬಂದರು. ಹಳಬ ಮಾತಾಡಿದರೆ ಹೆಂಗಸರು ಸಮಾಧಾನವಾಗುತ್ತಾರೆ ಎಂದುಕೊಂಡರೋ ಏನೋ, ಮ್ಯಾನೇಜರು ಅವರನ್ನು ಕರೆದು, ನಮ್ಮಲ್ಲಿ ಹಾಗೆಲ್ಲ ನಡೆಯುವುದಿಲ್ಲ ಎಂದು ಇವರಿಗೆ ಹೇಳಪ್ಪ ಎಂದರು.

ರಂಗಶಾಮಣ್ಣ ಚೀಟಿಗಳನ್ನು ಮೇಜಿನ ಮೇಲಿಟ್ಟರು.

"ನಡೀತೈತೆ ಸಾರ್," ಎಂದರು. "ನಿಮ್ ಅನ್ನ ತಿಂದಿದೀನಿ, ಅದುಕ್ಕೇ ಹೇಳ್ತಿದೀನಿ. ಇವ್ರ ಸಿಲಿಂಡ್ರುಗಳು ಹೋಟ್ಲುಗಳ್ಗೆ ಹೋಗವೆ. ಯಾವ್ ಹೋಟ್ಲು ಅಂತ ಬೇಕಾದ್ರೂ ತೋರುಸ್ತೀನಿ. ಈ ಅಮ್ಮಂದಿರು ಇವತ್ತು ನಿಮ್ ಹತ್ರ ಬಂದವ್ರೆ. ನಾಳೆ ಇದೇ ಅರ್ಜಿ ತಗಂಡು ಮೇಲಿನೋರ್ ಹತ್ರ ಹೋದ್ರೆ ಏನ್ ಹೇಳ್ತೀರಿ?"

ಮ್ಯಾನೇಜರು ಅರ್ಜಿಗಳನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದನ್ನೇ ಓದಿದರು. ಆಮೇಲೆ ಡ್ರಾಯರಿನಿಂದ ಸೀಲು ತೆಗೆದರು. ಆರು ಕಾಪಿಗೂ ಹಾಕಿದರು.

ನನಗೆ ಎರಡು ದಿನ ಊಟ ಸೇರಲಿಲ್ಲ. ನನ್ನ ದೆಸೆಯಿಂದ ಅವರ ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಮೂರನೇ ದಿನ ಆರೂ ಮನೆಗೆ ಸಿಲಿಂಡರ್ ಬಂತು. ಹೊಸಬ ಮತ್ತೆ ಕಾಣಲಿಲ್ಲ. ಮುಂದಿನ ತಿಂಗಳು ಒಂದು ಬೆಳಗ್ಗೆ ಹೊರಗೆ ಭಾಗ್ಯಕ್ಕನ ದನಿ ಕೇಳಿಸಿತು. ತಕ್ಕಡಿಯ ಅಂಕಿ ಓದುತ್ತಿದ್ದಳು. ಅತ್ತೆ ಮಜ್ಜಿಗೆ ಕಡೆಯುವುದಕ್ಕೆ ಕೂತರು.

ನಾಲ್ಕು ವರ್ಷದ ಮೇಲೆ ಸೊಂಟ ಹಿಡಿದು ರಂಗಶಾಮಣ್ಣ ಕೆಲಸ ಬಿಟ್ಟರು. ಈಗ ಅವರಿಲ್ಲ. ಹೋದ ವರ್ಷ, ಕೂತಲ್ಲೇ ಎದೆನೋವು ಬಂದು ಹೋದರು ಎಂದು ಅವರ ಮಗಳು ಫೋನ್ ಮಾಡಿ ಹೇಳಿದಳು. ಅದಕ್ಕೆ ಮೂರು ತಿಂಗಳು ಮುಂಚೆ ನಾನೂ ಅತ್ತೆಯೂ ನಿಟ್ಟೂರಿಗೆ ಹೋಗಿ ಅವರನ್ನು ನೋಡಿ ಬಂದಿದ್ದೆವು.

ಅವರ ಹೆಂಡತಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದರು. ಜಗಲಿಯ ಮೇಲೆ ಕೂತು ತಿನ್ನುತ್ತಿದ್ದಾಗ ತಲೆಯ ಮೇಲೆ ಬುಟ್ಟಿ ಹೊತ್ತ ಸೊಪ್ಪಿನವಳು ಬಂದು ಅದನ್ನು ಅಂಗಳದಲ್ಲಿ ಇಳಿಸಿದಳು. ಎರಡು ಕಟ್ಟು ದಂಟಿನ ಸೊಪ್ಪಿಗೆ ಅವಳು ಹೇಳಿದ್ದು ಬಟವಾಡಿಯ ರೇಟಿಗಿಂತ ಹೆಚ್ಚಿತ್ತು. ರಂಗಶಾಮಣ್ಣ ಚೌಕಾಶಿ ಮಾಡದೆ ಜೇಬಿನಿಂದ ತೆಗೆದು ಕೊಟ್ಟರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಅವರ ಹೆಂಡತಿ ಇದಕ್ಕೇ ಕಾದಿದ್ದವರಂತೆ, ಊರಿಗೆಲ್ಲ ಬುದ್ಧಿ ಹೇಳುವವರು ಮನೆ ಬಾಗಿಲಲ್ಲಿ ಸೊಪ್ಪಿನವಳು ಹೇಳಿದಷ್ಟನ್ನು ಹೇಗೆ ಕೊಡುತ್ತಾರೆ ನೋಡಿ ಎಂದು ನಮ್ಮ ಹತ್ತಿರ ದೂರು ಹೇಳಿದರು.

"ಸುಮ್ಕಿರೇ," ಎಂದರು ರಂಗಶಾಮಣ್ಣ. "ಅವ್ಳೂ ಹೊತ್ಕಂಡು ಬರ್ತಾಳೆ."

ಆಮೇಲೆ ಗೋಡೆ ಹಿಡಿದು ನಿಧಾನಕ್ಕೆ ಎದ್ದು, ಅಂಗಳಕ್ಕಿಳಿದು, ಬುಟ್ಟಿಯ ಒಂದು ಬದಿಗೆ ಕೈ ಕೊಟ್ಟು ಅದನ್ನು ಅವಳ ತಲೆಗೆ ಎತ್ತಿಸಿದರು.