ಒಂದು ಹಲಗೆ ದಪ್ಪದ ಮನೆ

ಬ್ರಿಸ್ಬೇನ್ ನದಿ ಉಕ್ಕಿ ಇಳಿದ ಮೂರನೆಯ ವರ್ಷ, ಒಂದು ಶನಿವಾರ ಬೆಳಿಗ್ಗೆ ಇಂಡೂರೂಪಿಲ್ಲಿಯ ಏರುಬೀದಿಯಲ್ಲಿ ನಾವು ಐದು ಜನ ಕತ್ತೆತ್ತಿಕೊಂಡು ನಿಂತಿದ್ದೆವು. ನಾನು, ನನ್ನ ಹೆಂಡತಿ ಶಾರದೆ, ನಮ್ಮ ಮೈಸೂರಿನವನೇ ಆದ ಜಯರಾಮ, ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಅವನ ಹೆಂಡತಿ ವಸುಧಾ, ಮತ್ತು ಮನೆ ಮಾರಿಸುವ ಏಜೆಂಟ್. ಮನೆಯೂ ನಿಂತಿತ್ತು, ಕಾಲ ಮೇಲೆ.

ಅಲಂಕಾರಕ್ಕೆ ಹೇಳಿದ ಮಾತಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಆ ಮನೆ ಆಳೆತ್ತರದ ಮರದ ಕಂಬಗಳ ಮೇಲೆ, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಹೊಳೆ ದಾಟುವವಳ ಹಾಗೆ ನಿಂತಿದೆ. ಪ್ರತಿ ಕಂಬದ ತಲೆಗೂ ಒಂದು ತಗಡಿನ ಟೋಪಿ, ಗೆದ್ದಲು ಹತ್ತದಿರಲಿ ಅಂತ. ಗೆದ್ದಲಿಗೆ ಅಷ್ಟು ಹೆದರುವವರು ಮರದಲ್ಲಿ ಮನೆ ಕಟ್ಟುವುದು ಯಾಕೆ ಎಂದು ಆ ಕಾಲದಲ್ಲಿ ಯಾರೂ ಕೇಳಿದಂತಿಲ್ಲ. ಮನಸ್ಸು ಬಂದರೆ ಇಂಥ ಮನೆಗಳನ್ನು ಲಾರಿಯ ಮೇಲೆ ಹೇರಿಕೊಂಡು ಬೇರೆ ಬೀದಿಗೆ ಸಾಗಿಸುತ್ತಾರಂತೆ. ಅವನ್ನೇ ಸ್ಥಿರಾಸ್ತಿ ಎಂದು ನೋಂದಾಯಿಸಿಯೂ ಕೊಡುತ್ತಾರೆ!

ನಾನು ಸಿವಿಲ್ ಇಂಜಿನಿಯರ್, ಸಿಮೆಂಟು ಕಂಡರೆ ಕಣ್ಣು ತಂಪಾಗುವ ಜಾತಿ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಈ ಊರಿಗೆ ಬರುವ ಮೊದಲು ಎಂಟು ವರ್ಷ ಇಟ್ಟಿಗೆಯ ಜೋಡಿಗೋಡೆಗಳ ನಡುವೆ ರಾಜನ ಹಾಗೆ ಬಾಳಿದವನು. ಅಡಿಲೇಡಿಗೆ ಮದುವೆಗೆ ಹೋದಾಗ ಅಲ್ಲಿನ ಹಳೆಯ ಕಲ್ಲುಮನೆಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ್ದೆ. ಸದ್ದೇ ಇಲ್ಲ, ಗೆಣ್ಣು ಊದಿಕೊಂಡಿತು. ಗೋಡೆ ಅಂದರೆ ಅದು. ನಮ್ಮವರು ಗೋಡೆಯನ್ನು ಕಣ್ಣಿನಿಂದ ನೋಡುವುದಿಲ್ಲ, ತೆಂಗಿನಕಾಯಿಯ ಹಾಗೆ ಕಿವಿಯಿಂದ ನೋಡುತ್ತಾರೆ. ಇಲ್ಲಿಯೂ ಒಳಗೆ ಹೋದವನೇ ಕುಟ್ಟಿದೆ. ತಮಟೆ! ಕೋಣೆಗೂ ಕೋಣೆಗೂ ನಡುವೆ ಇರುವುದು ಒಂದೇ ಒಂದು ಹಲಗೆ. ತಲೆಯ ಮೇಲೆ ಸುಕ್ಕುಸುಕ್ಕಾದ ತಗಡು. ಸಾಲದೆಂದು ಪ್ರತಿ ಬಾಗಿಲ ನೆತ್ತಿಯಲ್ಲೂ ಹೂಬಳ್ಳಿ ಕೊರೆದ ಮರದ ಜಾಲರಿ. ಗಾಳಿಯಾಡುವುದಕ್ಕಂತೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ ಏಜೆಂಟ್ ಇದನ್ನೆಲ್ಲ ವರ್ಣಿಸುತ್ತಿದ್ದ.

ನನ್ನನ್ನು ಕರೆಸಿದ್ದರ ಗುಟ್ಟನ್ನು ಹೇಳಿಬಿಡುತ್ತೇನೆ. ವಸುಧಾಳಿಗೆ ಈ ಮನೆ ಬೇಕು. ಆಸ್ಪತ್ರೆಗೆ ಹೋಗುವಾಗ, ಬರುವಾಗ, ಆರು ವರ್ಷದಿಂದ ಇದರ ಮುಂದೆ ಕಾರು ನಿಧಾನ ಮಾಡಿದವಳು. ಈಗ ಹರಾಜಿಗೆ ಬಂದಿದೆ, ತಪ್ಪಿದರೆ ತಪ್ಪಿತು. ಜಯರಾಮನಿಗೆ ಹೊಸ ಬಡಾವಣೆಯ ಇಟ್ಟಿಗೆ ಮನೆಯ ಆಸೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಹಿಂದಿನ ದಿನ ಫೋನ್ ಮಾಡಿದ್ದ: "ಅಂಕಲ್, ನಾನು ಹೇಳಿದ್ರೆ ಮನೇಲಿ ಯುದ್ಧ. ನೀವು ಇಂಜಿನಿಯರ್, ನೀವೇ ಬೇಡ ಅಂದ್ಬಿಡಿ. ದೊಡ್ಡವರ ಮಾತಿಗೆ ಅವಳು ಎದುರಾಡಲ್ಲ." ಮನೆಯ ಕೆಟ್ಟ ಮಾತನ್ನೆಲ್ಲ ಹಿರಿಯರ ಬಾಯಿಂದ ಆಡಿಸುವುದು ನಮ್ಮವರ ಹಳೆಯ ಪದ್ಧತಿ. ಹಿರಿಯನೆಂದದ್ದಕ್ಕೇ ನಾನೂ ಉಬ್ಬಿ ಒಪ್ಪಿಕೊಂಡಿದ್ದೆ.

ಹೆಂಗಸರು ಪಕ್ಕದ ಕೋಣೆ ನೋಡಲು ಹೋದರು. ನಾನು, ಜಯರಾಮ ಈಚೆಯ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡೆವು. ಏಜೆಂಟ್ ಜೊತೆಗೇ ಇದ್ದ. ಇದ್ದರೇನು? ಈ ದೇಶದಲ್ಲಿ ಕನ್ನಡದಲ್ಲಿ ಆಡಿದ್ದು ಯಾರ ಕಿವಿಗೂ ಬೀಳುವುದಿಲ್ಲವೆಂಬುದು ನಮ್ಮೆಲ್ಲರ ಭ್ರಮೆ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಎದುರು ನಿಂತವರ ಮೂಗು ಹಲ್ಲುಗಳನ್ನು ಅವರ ಮುಂದೆಯೇ ವಿಮರ್ಶಿಸುತ್ತೇವೆ. ನಾನೂ ಏಜೆಂಟನ ಕಡೆ ನೋಡಿ ನಗುತ್ತಲೇ ಗಟ್ಟಿಯಾಗಿ ಶುರುಮಾಡಿದೆ.

"ಇದು ಮನೆಯೇನಯ್ಯಾ? ಮಾವಿನಹಣ್ಣು ತುಂಬೋ ಪೆಟ್ಟಿಗೆ! ಓದು ಜಾಸ್ತಿಯಾಗಿ ನಿನ್ನ ಹೆಂಡತಿಗೆ ಬುದ್ಧಿ ಕಮ್ಮಿ ಆಗಿದೆ. ಗೆದ್ದಲು ಹಿಡಿದಿದೆ ಅಂದ್ಬಿಡ್ತೀನಿ, ಮುಗೀತು."

"ಹಿಡಿದಿದ್ಯಾ ಅಂಕಲ್?"

"ಎಲ್ಲಿ ಬಂತು! ಕಬ್ಬಿಣ ಇದ್ದ ಹಾಗಿದೆ ಮರ. ನಿನಗೋಸ್ಕರ ಸುಳ್ಳು ಹೇಳ್ತಿದೀನಿ ಕಣಯ್ಯಾ."

"ಹಾಗೇ ಹೇಳಿ. ನನ್ನ ಹೆಸರು ಮಾತ್ರ ಬರೋದು ಬೇಡ."

ಬಾಗಿಲ ನೆತ್ತಿಯ ಹೂಬಳ್ಳಿಯೊಳಗಿಂದ ಶಾರದೆಯ ದನಿ ಇಳಿದು ಬಂತು: "ರೀ, ಇಲ್ಲಿ ಎಲ್ಲಾ ಕೇಳ್ಸ್ತಿದೆ."

ವಸುಧಾ ಬಾಗಿಲು ತಳ್ಳಿಕೊಂಡು ಬಂದಳು. ಕೂಗಾಡಿದ್ದರೆ ಸುಲಭವಿತ್ತು. "ಕಬ್ಬಿಣ ಇದ್ದ ಹಾಗಿದೆ ಅಂದ್ರಲ್ಲ ಅಂಕಲ್, ಅಷ್ಟು ಸಾಕು. ಥ್ಯಾಂಕ್ಸ್" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಆ ಇಟ್ಟಿಗೆ ಬಾಡಿಗೆ ಮನೇಲಿ ಆರು ವರ್ಷ ಇದ್ದೀವಿ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಒಂದು ದಿನಾನೂ ನನಗೆ ಕೇಳಿಸ್ಲಿಲ್ಲ. ಇಲ್ಲಿ ಕಾಲಿಟ್ಟು ಹತ್ತು ನಿಮಿಷ ಆಗಿಲ್ಲ ನೋಡಿ" ಎಂದಳು. ಏಜೆಂಟ್ ಎಲ್ಲರಿಗೂ ಮನೆ ಹಿಡಿಸಿತೆಂದುಕೊಂಡು ಸಂತೋಷಪಟ್ಟ.

ಗೋಡೆಗೂ ಕಿವಿಯಿರುತ್ತೆ ಎಂದು ನನ್ನ ಅಜ್ಜಿ ಎಚ್ಚರಿಸುತ್ತಿದ್ದಳು. ಪಾಪ, ಬಾಯಿಯೂ ಇರುವ ಗೋಡೆಯನ್ನು ಆಕೆ ಕಂಡಿರಲಿಲ್ಲ. ಆ ಮನೆಯ ಬಗ್ಗೆ ನನ್ನ ತಾತ್ಸಾರ ಇವತ್ತಿಗೂ ಎಳ್ಳಷ್ಟು ಇಳಿದಿಲ್ಲ. ಗುಟ್ಟು ಉಳಿಸಲಾರದ್ದನ್ನು ನಾನು ಗೋಡೆಯೆಂದು ಕರೆಯಲಾರೆ. ಒಂದು ಸಂಶಯ ಮಾತ್ರ ಹೊಕ್ಕಿದೆ. ದಪ್ಪ ಗೋಡೆಯನ್ನು ನಾವು ಮೆಚ್ಚುವುದು ಅದು ಬಿಸಿಲು ತಡೆಯುತ್ತದೆಂದೋ, ಇಲ್ಲಾ ಆಡಬೇಕಾದ ಮಾತನ್ನು ಆಡದೆಯೇ ಕಾಲ ಹಾಕಲು ಬಿಡುತ್ತದೆಂದೋ?

ಮುಂದಿನ ಶನಿವಾರ ಹರಾಜು. ವಸುಧಾಳಿಗೆ ಡ್ಯೂಟಿ ಬಿಡಿಸಿಕೊಳ್ಳಲಾಗಲಿಲ್ಲ. ಜಯರಾಮ ಒಬ್ಬನೇ ಹೋದ. ಮನೆಯ ಮುಂದಿನ ಹುಲ್ಲಿನ ಮೇಲೆ, ಸುತ್ತಿಗೆ ಬೀಳುವ ತನಕ ಎತ್ತಿದ ಕೈ ಇಳಿಸದೆ ನಿಂತು, ಆ ಮನೆಯನ್ನು ಅವಳ ಹೆಸರಿಗೆ ಹಿಡಿದುಕೊಂಡು ಬಂದ.