ಅಂಗೈ ಒತ್ತಿದ ಜಾಗ

ಆ ಊರಿನ ಹಳೆಯ ಬಹುಮಹಡಿ ಕಟ್ಟಡಗಳಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಕಡಿಮೆ. ಲಿಫ್ಟು ಕೆಟ್ಟಾಗ ಬರುವವಳು, ಆದ್ದರಿಂದ ಲಿಫ್ಟಕ್ಕ. ಆಕೆಗಿಂತ ವಯಸ್ಸಾದವರೂ ಅಕ್ಕ ಎಂದೇ ಕೂಗುತ್ತಿದ್ದರು. ಎರಡು ಮಹಡಿಗಳ ನಡುವೆ ಕತ್ತಲಲ್ಲಿ ಸಿಕ್ಕಿಬಿದ್ದವರಿಗೆ ವಯಸ್ಸಿನ ಲೆಕ್ಕ ಎಲ್ಲಿ ನೆನಪಿರುತ್ತದೆ?

ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯಿಂದ ಜೇಬಿನ ಮಡಚುಚಾಕು ಎಳೆದು, ಹೆಬ್ಬೆರಳಿನಿಂದಲೇ ಅಲಗು ಬಿಡಿಸಿ ತಂತಿಯ ಮೇಲಿನ ರಬ್ಬರು ಸುಲಿಯುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಹಾಗಿದ್ದವಳ ಬಲಗೈ ಹೆಬ್ಬೆರಳು ಒಂದು ಬೆಳಿಗ್ಗೆ ಬಾಗಿಲೆಳೆಯುವ ತಂತಿಗೂ ಅದರ ಗಾಲಿಗೂ ನಡುವೆ ಸಿಕ್ಕಿತು. ವೈದ್ಯರು ಬೆರಳನ್ನೇನೋ ಉಳಿಸಿದರು. ಆದರೆ ಗಂಟು ಬಿಗಿದುಹೋಗಿ ಅದು ಮರದ ಗೂಟದ ಹಾಗೆ ನೆಟ್ಟಗೆ ನಿಂತಿತು.

ಕಂಪನಿ ಆಕೆಯನ್ನು ದೂರು ಕೇಳುವ ಕೋಣೆಗೆ ಹಾಕಿತು. ಒಂದು ಮೇಜು, ಎರಡು ಫೋನು, ಗೋಡೆಯ ಮೇಲೆ ಊರಿನ ಲಿಫ್ಟುಗಳನ್ನೆಲ್ಲ ಗುರುತು ಹಾಕಿದ ನಕ್ಷೆ. ಸಿಕ್ಕಿಬಿದ್ದವರು ಫೋನಿನಲ್ಲಿ ಕಿರುಚುತ್ತಾರೆ, ಇವಳು ಸಮಾಧಾನ ಹೇಳಬೇಕು, ಬೇರೆ ಯಾರೋ ಹೋಗಿ ಬಿಡಿಸುತ್ತಾರೆ. ಸಮಾಧಾನ ಹೇಳುವುದರಲ್ಲಿ ಆಕೆ ಗಟ್ಟಿಗಿತ್ತಿಯೇ. ಆದರೆ ಮಾತು ಮುಗಿಯುವ ಹೊತ್ತಿಗೆ ಎದ್ದು ನಿಂತಿರುತ್ತಿದ್ದಳು. ಫೋನಿನ ಬಳ್ಳಿ ಎಷ್ಟು ದೂರ ಎಳೆಯುತ್ತದೋ ಅಷ್ಟು ದೂರ ಹೋಗಿ, ತಿರುಗಿ, ಮತ್ತೆ ಬರುತ್ತಿದ್ದಳು.

ಮನೆಯಲ್ಲೂ ಅದೇ ಪಾಡು. ಗಂಡನದು ಕೆಳಗಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ. ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದರು. ಸೊಸೆ ಬಂದು ಬಟ್ಟೆ ಮಡಚಿ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುವುದನ್ನು ನೋಡಿ ಹೇಳುತ್ತಿದ್ದರು: “ಇವಳನ್ನ ಒಂದು ಕಡೆ ಕೂರ್ಸೋದೂ ಒಂದೇ, ಕಪ್ಪೇನ ತಕ್ಕಡೀಲಿ ತೂಗೋದೂ ಒಂದೇ.”

ಆಕೆ ಸ್ವಲ್ಪವಾದರೂ ಹೊತ್ತು ಕೂರುತ್ತಿದ್ದ ಜಾಗವೆಂದರೆ ಕನ್ನಡಕದ ಅಂಗಡಿಯ ಹಿಂಕೋಣೆ. ಅಲ್ಲಿ ಭಾನುವಾರ ಮಧ್ಯಾಹ್ನ ಮಡಚುಚಾಕಿನ ಹುಚ್ಚಿದ್ದ ನಾಲ್ವರು ಸೇರುತ್ತಿದ್ದರು: ಅಂಗಡಿಯ ಕನ್ನಡಕದವನು, ನಿವೃತ್ತ ಭೂಗೋಳದ ಮೇಷ್ಟ್ರು, ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ದಪ್ಪನೆಯ ಬಾಣಸಿಗ, ಮತ್ತು ಲಿಫ್ಟಕ್ಕ. ಒಂದು ಪುಟ್ಟ ತಕ್ಕಡಿಯಲ್ಲಿ ಚಾಕು ತೂಗಿ, ಹಗ್ಗ ಕೊಯ್ದು, ಮರ ಕೆತ್ತಿ, ಒಂದೊಂದು ಅಲಗಿನ ಬಗ್ಗೆ ಬೀಗರು ಹೆಣ್ಣು ನೋಡಿ ಬಂದ ಹಾಗೆ ಮಾತಾಡುತ್ತಿದ್ದರು. ಅವರ ಅಭಿಪ್ರಾಯಕ್ಕೆ ಸಣ್ಣಪುಟ್ಟ ತಯಾರಕರು ಕಾಯುವಷ್ಟು ಹೆಸರೂ ಬಂದಿತ್ತು.

ಪಕ್ಕದ ಊರಿನಲ್ಲಿ ಅಕ್ಕ ತಮ್ಮ ಇಬ್ಬರು ಸೇರಿ ಹೊಸದಾಗಿ ಚಾಕು ಕಾರ್ಖಾನೆ ತೆರೆದಿದ್ದರು. ಮೊದಲು ಅವರ ಮನೆತನದ್ದು ಕ್ಷೌರದ ಕತ್ತರಿ ಮಾಡುವ ಕೆಲಸ. ಹಾಗಾಗಿ ಕೂಟದಲ್ಲಿ ತಮ್ಮನಿಗೆ ಕತ್ತರಿಯವನು ಎಂದೇ ಹೆಸರು. ಅವರ ಮೊದಲ ಚಾಕು ಬಂದಾಗ ಬಾಣಸಿಗ ಅದನ್ನು ಅಂಗೈಯಲ್ಲಿ ಕುಲುಕಿ, “ಮೂಗಿಗಿಂತ ಮೂಗುತಿ ಭಾರ” ಎಂದಿದ್ದ. ಅಲಗು ತೆಳು, ಹಿಡಿ ಕಬ್ಬಿಣದ ಗುಂಡು. ನಾಲ್ವರೂ ಸೇರಿ ಬೈದು ವಾಪಸು ಕಳಿಸಿದ್ದರು.

ಈಗ ಕತ್ತರಿಯವನು ಅದನ್ನೇ ಪೂರ್ತಿ ಬದಲಿಸಿ ನಾಲ್ಕು ಚಾಕು ಕಳಿಸಿದ್ದ, ತಲೆಗೊಂದು. ಹಿಡಿ ಅರ್ಧಕ್ಕರ್ಧ ಹಗುರ. ಬಿಚ್ಚಿದ ಅಲಗನ್ನು ಹಿಡಿದು ನಿಲ್ಲಿಸುವ ಲಾಕು ಮೊದಲು ಹಿಡಿಯ ಬಾಲದಲ್ಲಿತ್ತು. ಈಗ ಬೆನ್ನಿನ ನಡುಮಧ್ಯಕ್ಕೆ ಬಂದಿತ್ತು, ನೋಡಲು ಚೆಂದ. ಅಲಗಿನಲ್ಲಿ ಉಗುರು ಸಿಕ್ಕಿಸುವ ಗೀರಿನ ಬದಲು ದೊಡ್ಡ ದುಂಡು ತೂತು.

“ತೂತು ಯಾಕೆ? ನೇತು ಹಾಕೋದಕ್ಕಾ?” ಎಂದರು ಮೇಷ್ಟ್ರು.

ಲಿಫ್ಟಕ್ಕ ತನ್ನ ಪಾಲಿನ ಚಾಕು ಎತ್ತಿಕೊಂಡಳು. ತೂತಿಗೆ ಹೆಬ್ಬೆರಳಿನ ಬದಲು ನಡುಬೆರಳಿನ ತುದಿ ಕೊಟ್ಟು ಝಾಡಿಸಿದಳು. ಅಲಗು ಟಕ್ಕನೆ ತೆರೆದು ನಿಂತಿತು. ಹೆಬ್ಬೆರಳು ಬಿಗಿದ ಮೇಲೆ ಒಂದೇ ಕೈಯಲ್ಲಿ ಆಕೆ ತೆರೆದ ಮೊದಲ ಚಾಕು ಅದು. ಫೋನಿನ ಕೋಣೆಗೆ ಹಾಕುವ ಮೊದಲು ಎಡಗೈಯಲ್ಲಿ ಪ್ರಯತ್ನಿಸಿ ಎರಡು ಚಾಕು ಲಿಫ್ಟಿನ ಬಾವಿಗೆ ಬೀಳಿಸಿದ್ದಳು. ಬಿಚ್ಚಿದ ಅಲಗನ್ನು ಮೇಲೆ ಒಯ್ಯಲು ಕಂಪನಿ ಬಿಡುತ್ತಿರಲಿಲ್ಲ. ಮಡಚಿ, ಮತ್ತೆ ತೆರೆದಳು. ಮತ್ತೆ. ಮತ್ತೆ.

ಮರುದಿನವೇ ಮೇಲ್ವಿಚಾರಕನ ಮುಂದೆ ಹೋಗಿ ನಿಂತಳು. “ನನ್ನ ಮೇಲಕ್ಕೆ ಕಳ್ಸಿ.”

“ಕೈ?”

ಚಾಕು ತೆರೆದು ತೋರಿಸಿದಳು. ಆತ ಗಲ್ಲ ಕೆರೆದುಕೊಂಡ. “ಮುಂದಿನ ಸೋಮವಾರ ಪೆಟ್ಟಿಗೆ ಮೇಲೆ ನಿಂತು ಒಂದು ಹಳೇ ತಂತಿ ಕಿತ್ತು ಹೊಸದು ಹಾಕಿ ತೋರ್ಸು. ನಾನು ಪಕ್ಕದಲ್ಲೇ ಇರ್ತೀನಿ. ಅದಾದ್ರೆ ಮೇಲೆ ಹೋಗು, ಇಲ್ದಿದ್ರೆ ಫೋನು ನೋಡ್ಕೋ.”

ಆ ವಾರ ಸಂಜೆಯೆಲ್ಲ ಇಸ್ತ್ರಿ ಅಂಗಡಿಯೇ ಆಕೆಯ ಗರಡಿಮನೆ. ಬಾಗಿಲಿನ ಕಂಬಿಗೆ ಎಡಗೈ ಕೊಟ್ಟು, ಹಳೆಯ ಕೇಬಲ್ಲಿನ ತುಂಡುಗಳನ್ನು ಕೊಯ್ದಳು. ನೆಲದ ತುಂಬ ಕರಿ ರಬ್ಬರಿನ ಸಿಪ್ಪೆ. ಗಂಡ ಗೊಣಗುತ್ತ ಗುಡಿಸುತ್ತಿದ್ದ. ಆದರೆ ಗ್ರಾಹಕರು ಬಂದರೆ, “ನಮ್ಮೋಳು ಮತ್ತೆ ಮೇಲೆ ಹೋಗ್ತಾಳೆ” ಎನ್ನುತ್ತಿದ್ದ.

ಶುಕ್ರವಾರ ದಪ್ಪ ಕೇಬಲ್ಲೊಂದು ಹಟ ಹಿಡಿಯಿತು. ಆಕೆ ಮೈಭಾರ ಬಿಟ್ಟು ಒತ್ತಿದಳು. ಅಲಗು ಇದ್ದಕ್ಕಿದ್ದಂತೆ ಸಡಿಲಗೊಂಡು ಮಡಚಿಕೊಂಡು ಬಂದು ತೋರುಬೆರಳಿಗೆ ತಾಗಿತು. ದಪ್ಪ ಬಟ್ಟೆಯ ಕೈಗವಸು ಇತ್ತು. ಬಟ್ಟೆ ಹರಿದು ಚರ್ಮಕ್ಕೆ ಗೀರು ಬಿತ್ತು, ಅಷ್ಟೆ.

ಲಾಕು ಸರಿಯಾಗಿ ಕೂತಿರಲಿಲ್ಲವೇನೋ ಎಂದುಕೊಂಡು ಬೆರಳಿನ ಬದಲು ಪೆನ್ಸಿಲು ಇಟ್ಟು ಮತ್ತೆ ಒತ್ತಿದಳು. ಒಂದು ಸಲ ಏನೂ ಆಗಲಿಲ್ಲ. ಇನ್ನೊಂದು ಸಲ ಮಡಚಿಕೊಂಡಿತು. ಆಮೇಲೆ ನಿಧಾನವಾಗಿ ಹೊಳೆಯಿತು. ಹೆಬ್ಬೆರಳು ಸುತ್ತಿಕೊಳ್ಳದ ಕಾರಣ ಆಕೆ ಹಿಡಿಯನ್ನು ನಾಲ್ಕು ಬೆರಳು ಮತ್ತು ಅಂಗೈಯ ಬುಡದಿಂದ ಅದುಮಿ ಹಿಡಿಯುತ್ತಿದ್ದಳು. ಬಲವಾಗಿ ಹಿಡಿದಷ್ಟೂ ಅಂಗೈ ಬೆನ್ನಿನ ಮೇಲಿನ ಲಾಕನ್ನು ಒತ್ತುತ್ತಿತ್ತು. ಒತ್ತಿದರೆ ಬಿಡುವುದೇ ಲಾಕಿನ ಕೆಲಸ.

“ಹಾಗಾದ್ರೆ ಸೋಮವಾರ ಸ್ವಲ್ಪ ಹಗುರಕ್ಕೆ ಹಿಡ್ಕೋ” ಎಂದ ಗಂಡ. “ಒಂದು ತಂತಿ ತಾನೆ? ಆಮೇಲೆ ಹೇಳಿದ್ರಾಯ್ತು.”

“ಈಗ್ಲೇ ಹೇಳಿದ್ರೆ ಕತ್ತರಿಯವನು ನಾಲ್ಕೂ ವಾಪಸ್ ತಗೊಂಡು ಹೋಗ್ತಾನೆ.”

“ಅದಕ್ಕೇ ಹೇಳಿದ್ದು.”

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ. ಲಿಫ್ಟಕ್ಕನಿಗೆ ಗಂಡನ ಮಾತು ಗಂಟಲಲ್ಲಿ ಸಿಕ್ಕ ಬಿಸಿತುಪ್ಪವಾಯಿತು. ಶನಿವಾರವೆಲ್ಲ ಫೋನಿನಲ್ಲಿ ಅವರಿಗೆ ಹೇಳಬೇಕಾದ್ದು ಇವರಿಗೆ, ಇವರಿಗೆ ಹೇಳಬೇಕಾದ್ದು ಅವರಿಗೆ ಹೇಳಿದಳು. ಹಗುರಕ್ಕೆ ಹಿಡಿಯುವುದನ್ನೂ ಅಭ್ಯಾಸ ಮಾಡಿ ನೋಡಿದಳು. ಸಾಧ್ಯವಿತ್ತು, ಅದೇ ತೊಂದರೆ.

ಭಾನುವಾರ ಕತ್ತರಿಯವನೇ ಖುದ್ದಾಗಿ ಬಂದ. ಸಣಕಲ ಮನುಷ್ಯ, ನಿದ್ದೆಗೆಟ್ಟ ಕಣ್ಣು, ಕುರ್ಚಿಯ ಅಂಚಿನಲ್ಲೇ ಕೂತ. ಬಾಣಸಿಗ ಚಾಕುವನ್ನು ಹೊಗಳಿದ. ಕನ್ನಡಕದವನು ಹೊಗಳಿದ. ತೂತನ್ನು ಆಡಿಕೊಂಡಿದ್ದ ಮೇಷ್ಟ್ರೂ, “ಬಹಳ ದಿನದ ಮೇಲೆ ಒಂದು ಚಾಕು ನನ್ನ ಜೇಬಲ್ಲಿ ಉಳೀತು ನೋಡಪ್ಪ” ಎಂದರು. ಕತ್ತರಿಯವನ ಮುಖ ಅರಳಿತು. ಮುಂದಿನ ತಿಂಗಳು ಅಂಗಡಿಗಳಿಗೆ ಕಳಿಸುತ್ತೇವೆ ಎಂದ.

ಲಿಫ್ಟಕ್ಕ ಎದ್ದು ಕಿಟಕಿಯ ಬಳಿ ಹೋದಳು. ವಾಪಸು ಬಂದು ಕೂತಳು. ಮತ್ತೆ ಎದ್ದಳು.

“ಅಕ್ಕ, ಬಸ್ಸು ತಪ್ಪುತ್ತಾ?” ಎಂದ ಕನ್ನಡಕದವನು.

“ಲಾಕು ಬಿಡುತ್ತೆ” ಎಂದಳು ಆಕೆ.

ಮೂವರೂ ತಮ್ಮ ತಮ್ಮ ಚಾಕು ತೆಗೆದು ಮೇಜಿನ ಅಂಚಿಗೆ ಒತ್ತಿ ನೋಡಿದರು. ಯಾರದೂ ಬಿಡಲಿಲ್ಲ. ಅವರೆಲ್ಲರ ಹೆಬ್ಬೆರಳು ಅಲಗಿನ ಬೆನ್ನ ಮೇಲಿತ್ತು, ಅಂಗೈ ಲಾಕಿನಿಂದ ದೂರವಿತ್ತು. ಆಕೆ ಬೆರಳಿನ ಜಾಗದಲ್ಲಿ ಪೆನ್ಸಿಲು ಇಟ್ಟು ತನ್ನ ರೀತಿ ಹಿಡಿದು ಒತ್ತಿದಳು. ಅಲಗು ಮಡಚಿಕೊಂಡು ಪೆನ್ಸಿಲಿನಲ್ಲಿ ನಾಟಿತು.

“ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ” ಎಂದರು ಮೇಷ್ಟ್ರು. “ನಿನ್ನ ಕೈ ಸರಿಯಿಲ್ಲಮ್ಮ. ಚಾಕುಗೆ ಯಾಕೆ ಹೇಳ್ತೀಯ?”

ಆಕೆಯ ಕಿವಿ ಬಿಸಿಯಾಯಿತು. ಕತ್ತರಿಯವನು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ. “ಅಕ್ಕ, ನಿಮ್ಮ ಅಂಗೈಗೆ ಸ್ವಲ್ಪ ಮಸಿ ಹಚ್ಲಾ?” ಎಂದ. ಕನ್ನಡಕದವನ ಮುದ್ರೆಯ ಮಸಿ ಹಚ್ಚಿ, ಚಾಕು ಕೊಟ್ಟು, “ಬಿದ್ರೆ ಸಾಯ್ತೀನಿ ಅಂತ ಹಿಡೀರಿ” ಎಂದ. ಆಕೆ ಹಿಡಿದಳು. ಬಿಟ್ಟಾಗ ಲಾಕಿನ ಮೇಲೆ ಕಪ್ಪಗೆ ಅಂಗೈಯ ಗುರುತು ಬಿದ್ದಿತ್ತು. ಆಮೇಲೆ ಅವನೇ ಕೈಗವಸು ತೊಟ್ಟು, ಹೆಬ್ಬೆರಳು ಬಿಟ್ಟು ಹಿಡಿದು ಒತ್ತಿದ. ಅವನ ಕೈಯಲ್ಲೂ ಮಡಚಿತು.

ಚಾಕುವನ್ನು ಮೇಜಿನ ಮೇಲಿಟ್ಟು ಹೇಳಿದ: “ಚಳಿಗೆ ಮರಗಟ್ಟಿದ ಕೈಯಾದ್ರೂ ಹೀಗೇ ಹಿಡಿಯುತ್ತೆ. ಒದ್ದೆ ಕೈಯೂ ಅಷ್ಟೆ. ಯಾವುದೂ ಅಂಗಡಿಗೆ ಹೋಗಲ್ಲ. ಅಕ್ಕಂಗೆ ಹೇಗೆ ಹೇಳ್ಲೋ, ದೇವರೇ.” ತನ್ನ ಅಕ್ಕನನ್ನು ನೆನೆದು ಹೆದರಿದ್ದ ಅವನು. ಆದರೂ ಚಾಕುಗಳನ್ನು ಕೇಳಿ ತೆಗೆದುಕೊಂಡ. ಲಿಫ್ಟಕ್ಕ ತನ್ನದನ್ನು ಮಸಿಯ ಕೈಯಿಂದಲೇ ಕೊಟ್ಟಳು. ಮೇಷ್ಟ್ರು ಮಾತ್ರ ಕೊಡಲಿಲ್ಲ. ಕೋಲೂರಿ ಎದ್ದು ಹೊರಟೇಹೋದರು.

ಸೋಮವಾರ ಮೇಲ್ವಿಚಾರಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಆತ ಬೈಯಲೂ ಇಲ್ಲ, ಬೇರೆ ದಿನ ಗೊತ್ತು ಮಾಡಲೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಅದೇ ಮೇಜು, ಅದೇ ಕಿರುಚಾಟ.

ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರ ಜೇಬಿನ ಚಾಕು ಆಕೆಯನ್ನು ಕೊರೆಯುತ್ತಿತ್ತು. ಕತ್ತರಿಯವನು ಎಷ್ಟು ಸಲ ಫೋನು ಮಾಡಿದರೂ ಅವರು ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ರಜೆ ಹಾಕಿ ಅವರ ಮನೆಯ ಮೆಟ್ಟಿಲು ಹತ್ತಿದಳು. ಒಂಟಿ ಮನೆ, ಗೋಡೆಯ ತುಂಬ ಭೂಪಟ. ಮೇಷ್ಟ್ರು ಸೇಬು ಹೆಚ್ಚುತ್ತಿದ್ದರು, ಅದೇ ಚಾಕಿನಿಂದ. ಕೈ ಸಣ್ಣಗೆ ನಡುಗುತ್ತಿತ್ತು. ಕೂಟದಲ್ಲಿ ಅವರು ಯಾವಾಗಲೂ ಕೈಯನ್ನು ಮೇಜಿಗೆ ಊರಿಯೇ ಇರುತ್ತಿದ್ದರು ಎಂಬುದು ಆಗ ಅವಳ ಗಮನಕ್ಕೆ ಬಂತು.

“ಉಗುರು ಹಾಕಿ ತೆಗೆಯೋ ಚಾಕು ಈಗ ನಂಗೆ ಆಗಲ್ಲಮ್ಮ” ಎಂದರು, ಆಕೆ ಏನೂ ಕೇಳದೆಯೇ. “ಈ ತೂತಿರೋದು ಒಂದೇ ಆಗೋದು. ಇದನ್ನೂ ಕಿತ್ಕೋಬೇಕಾ?”

“ಹೊಸದು ಬರುತ್ತೆ ಮೇಷ್ಟ್ರೇ.”

“ಬರದಿದ್ರೆ?”

“ಬರದಿದ್ರೆ ಇಬ್ರೂ ಸೇರಿ ಅವನ ಕಾರ್ಖಾನೆ ಮುಂದೆ ಕೂರೋಣ. ಅಲ್ಲೀವರೆಗೂ ಇದು ಬೇಡ. ನಾನು ಬೆರಳು ಕೊಟ್ಟು ಕಲ್ತಿದೀನಿ, ನೀವು ಹಾಗೆ ಕಲೀಬೇಡಿ.”

ಮೇಷ್ಟ್ರು ಅಲಗನ್ನು ಒರೆಸಿ, ಮಡಚಿ, ಆಕೆಯ ಕೈಯಲ್ಲಿಟ್ಟರು. ಉಳಿದರ್ಧ ಸೇಬನ್ನು ಇಬ್ಬರೂ ಹಲ್ಲಿನಿಂದ ಕಚ್ಚಿ ತಿಂದರು.

ಹೊಸದು ಬಂದದ್ದು ತಡವಾಗಿ, ಆಕೆ ಆಸೆ ಬಿಡುವ ಹೊತ್ತಿಗೆ. ಲಾಕಿನ ನಡುವೆ ಉಗುರಿನಗಲದ ತಗ್ಗು ಕೊರೆದಿದ್ದರು. ಅಂಗೈ ಎಷ್ಟು ಒತ್ತಿದರೂ ತಗ್ಗಿನ ಮೇಲೆ ಸೇತುವೆಯ ಹಾಗೆ ನಿಲ್ಲುತ್ತಿತ್ತು, ಬೇಕೆಂದೇ ಬೆರಳ ತುದಿ ಇಟ್ಟರೆ ಮಾತ್ರ ಲಾಕು ಬಿಡುತ್ತಿತ್ತು. ನಾಲ್ವರೂ ಹೆಬ್ಬೆರಳು ಬಿಟ್ಟು ಹಿಡಿದು, ಒದ್ದೆ ಮಾಡಿಕೊಂಡು, ಸೋಪು ಹಚ್ಚಿಕೊಂಡು ಒತ್ತಿದರು. ಬಿಡಲಿಲ್ಲ. ತಕ್ಕಡಿಯಲ್ಲಿ ಮಾತ್ರ ಸ್ವಲ್ಪ ತೂಕ ಹೆಚ್ಚಾಗಿತ್ತು ಎಂದು ಬಾಣಸಿಗ ಗೊಣಗಿದ.

ಲಿಫ್ಟಕ್ಕ ಪೆಟ್ಟಿಗೆಯ ಮೇಲೆ ನಿಂತು ಮೇಲ್ವಿಚಾರಕನ ಎದುರು ತಂತಿ ಬದಲಿಸಿದಳು. ಆತ ಒಪ್ಪಿದ, ಆದರೆ ಒಬ್ಬಳನ್ನೇ ಎಂದೂ ಕಳಿಸುವುದಿಲ್ಲ, ಜೊತೆಗೊಬ್ಬ ಇರಲೇಬೇಕು ಎಂದ. ಅದು ಆಕೆಗೆ ಹಿಡಿಸಲಿಲ್ಲ. ಜಗಳವಾಡಿದಳು, ಸೋತಳು, ಒಪ್ಪಿದಳು. ಜೊತೆಗೆ ಬಂದವನು ಬಾಯಿಬಡುಕ. ಕಂಬಿ ಹಿಡಿದು ನಿಂತರೆ ಒಂದೇ ಸಮನೆ ತನ್ನ ಷಡ್ಡಕನ ದೂರು. ಆಕೆ ಹೂಂಗುಟ್ಟುತ್ತ ರಬ್ಬರು ಸುಲಿಯುತ್ತಾಳೆ. ಸುಲಿದು ಮುಗಿಸಿ, ಚಾಕು ಮಡಚಿ, “ಆಯ್ತು, ಮುಂದಿನ ಕಟ್ಟಡ ಯಾವುದು?” ಎನ್ನುತ್ತಾಳೆ, ಅವನ ಕಥೆ ಇನ್ನೂ ಅರ್ಧಕ್ಕೇ ಬಂದಿರುವಾಗ.