ಮೊಪೆಡ್ ಹತ್ತುವ ಮುಂಚೆ

ಅಕ್ಕ ವಾಯುಪಡೆಯಲ್ಲಿ ಹೆಲಿಕಾಪ್ಟರ್ ಓಡಿಸುತ್ತಿದ್ದಳು. ಅವಳ ತುಕಡಿಯಲ್ಲಿ ಆ ಕೆಲಸಕ್ಕೆ ಬಂದ ಮೊದಲ ಹೆಂಗಸು ಅವಳೇ. ರಜೆಗೆ ಹುಲ್ಲಹಳ್ಳಿಗೆ ಬಂದರೆ, ನನ್ನ ಮೊಪೆಡ್ ಹತ್ತುವ ಮುಂಚೆಯೂ ಒಂದು ಸುತ್ತು ಬಂದು ಟೈರು ಒತ್ತಿ, ಬ್ರೇಕು ಹಿಡಿದು ನೋಡುವಳು.

"ಇದೇನ್ ಹಾರ್ತದಾ ಅಕ್ಕ?"

"ನೋಡ್ದೆ ಹತ್ತಬಾರ್ದು ಕಣ್ಲಾ."

ನರಸೀಪುರದಿಂದ ಅವಳನ್ನು ನೋಡಲು ಬಂದ ಗಂಡಿನವರು ಕೆಲಸ ಏನೆಂದು ಕೇಳಿದರು. ಸಂಬಂಧ ತಪ್ಪೀತೆಂದು ಹೆದರಿ, "ಆಫೀಸಲ್ಲಿ ಬರೆಯೋ ಕೆಲ್ಸ" ಎಂದುಬಿಟ್ಟೆ. ಕಾಫಿ ತಂದ ಅಕ್ಕ ಬಾಗಿಲಲ್ಲೇ ಕೇಳಿಸಿಕೊಂಡಳು. "ಇಲ್ಲ, ಹೆಲಿಕಾಪ್ಟರ್ ಓಡಿಸ್ತೀನಿ" ಎಂದು ಲೋಟಗಳನ್ನಿಟ್ಟಳು. ಅವರು ಮತ್ತೆ ಬರಲಿಲ್ಲ. ನನ್ನನ್ನು ಅವಳು ಬೈಯಲೂ ಇಲ್ಲ.

ಅವರು ಬಂದುಹೋದ ಮಾರನೆಯ ದಿನ, ರಜೆ ಮುಗಿಸಿ ಹೊರಟ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಮೊಪೆಡ್ ತಂದೆ. ಅಕ್ಕ ಸುತ್ತು ಬರಲಿಲ್ಲ, ಸುಮ್ಮನೆ ಹಿಂದೆ ಕೂತಳು.

"ಟೈರು ನೋಡಲ್ವಾ?" ಎಂದೆ.

"ನೋಡೋದೆಲ್ಲ ಸಾಕಾಗ್ಯದೆ ಕಣ್ಲಾ, ನಡಿ."